ಥೆರಪಿಗೆ ಮೊದಲ ಸಲ ಹೊರಟವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು, ಥೆರಪಿಗೆ ಹೋಗುವುದೆಂದು ಮನಸ್ಸು ಮಾಡಿ, ಮುಂದೇನು ಎಂದು ತಿಳಿಯದೆ ನಿಂತವರವು. ಎಲ್ಲರ ಹೆಸರನ್ನೂ, ಗುರುತು ಸಿಗುವಂಥ ವಿವರವನ್ನೂ ತೆಗೆದು ಉತ್ತರಿಸಿದ್ದೇವೆ.

ಐದು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ನಾರ್ಮಲ್ ಇದೆ, ಒಮ್ಮೆ ಥೆರಪಿಸ್ಟ್ ಹತ್ತಿರ ಹೋಗಿ ಬನ್ನಿ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ. ಮುಂದಿನ ವಾರ ಅಪಾಯಿಂಟ್‌ಮೆಂಟ್. ಅಲ್ಲಿ ಏನು ಕೇಳುತ್ತಾರೆ? ನಾನು ಏನು ಹೇಳಬೇಕು? ಹೆದರಿಕೆಯಾಗುತ್ತಿದೆ.
(29 ವರ್ಷ, ದಾವಣಗೆರೆ)

ಸಿನಿಮಾದಲ್ಲಿ ಕಾಣುವ ಉದ್ದನೆಯ ಸೋಫಾ ಅಲ್ಲಿರುವುದಿಲ್ಲ. ಎರಡು ಕುರ್ಚಿ, ಮುಚ್ಚಿದ ಬಾಗಿಲು, ಸಾಮಾನ್ಯವಾಗಿ 45ರಿಂದ 60 ನಿಮಿಷದ ಮಾತುಕತೆ. ಖಾಸಗಿ ಕ್ಲಿನಿಕ್ಕಾದರೆ ಮೊದಲು ಒಂದು ಫಾರಂ ತುಂಬಿಸುತ್ತಾರೆ: ವಯಸ್ಸು, ಹಿಂದಿನ ಕಾಯಿಲೆಗಳು, ಈಗ ನುಂಗುತ್ತಿರುವ ಮಾತ್ರೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಇತ್ಯಾದಿ. ಅದರ ಜೊತೆಗೆ ಒಪ್ಪಿಗೆ ಪತ್ರವೂ ಇರುತ್ತದೆ. ಸಹಿ ಹಾಕುವ ಮುನ್ನ ಫೀಸು, ರದ್ದತಿ, ಗೋಪ್ಯತೆ ಈ ಮೂರರ ಸಾಲುಗಳನ್ನು ಓದಿ. ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಕ್ರಮ ಬೇರೆ. ಮೊದಲು ಹೊರರೋಗಿ ವಿಭಾಗದಲ್ಲಿ ನೋಂದಣಿ, ಆಮೇಲೆ ಕಿರಿಯ ವೈದ್ಯರೊಬ್ಬರು ಪೂರ್ತಿ ವಿವರ ಬರೆದುಕೊಳ್ಳುತ್ತಾರೆ, ನಂತರ ಹಿರಿಯರು ನೋಡುತ್ತಾರೆ. ಥೆರಪಿಗೆ ಬೇರೊಂದು ದಿನ ಕೊಡುತ್ತಾರೆ. ಅಂಥ ಕಡೆ ಹೋಗುವುದಾದರೆ ಇಡೀ ದಿನ ರಜೆ ಹಾಕಿಯೇ ಹೋಗಿ.

ಮೊದಲ ಪ್ರಶ್ನೆ ಬಹುತೇಕ "ಏನು ತೊಂದರೆ ಅಂತ ಬಂದಿರಿ?" ಎಂಬುದು. ಎಲ್ಲಿಂದ ಶುರು ಮಾಡಲಿ ಎಂದು ತಡಕಾಡುವವರೇ ಹೆಚ್ಚು. ಬಾಲ್ಯದಿಂದ ಆರಂಭಿಸಬೇಕಿಲ್ಲ. ತೀರಾ ಈಚಿನ ಒಂದು ಕೆಟ್ಟ ದಿನವನ್ನು ಹೇಳಿ. ಎಷ್ಟು ಗಂಟೆಗೆ ಎದ್ದಿರಿ, ಊಟ ಸೇರಿತೇ, ಕೆಲಸದಲ್ಲಿ ಎಲ್ಲಿ ಕೈ ನಿಂತಿತು, ಯಾರ ಮೇಲೆ ರೇಗಿದಿರಿ. ಆ ಒಂದು ದಿನದಿಂದ ಅವರಿಗೆ ಬೇಕಾದಷ್ಟು ತಿಳಿಯುತ್ತದೆ. ಮುಂದಿನ ಪ್ರಶ್ನೆಗಳು ನಿದ್ದೆ, ಹಸಿವು, ಮುಟ್ಟು, ಕುಡಿತ, ಕುಟುಂಬದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎನ್ನುವುದರ ಸುತ್ತ ಇರುತ್ತವೆ. "ಸಾಯಬೇಕು ಅನ್ನಿಸಿದೆಯಾ?" ಎಂದೂ ಕೇಳುತ್ತಾರೆ. ಇದನ್ನು ಎಲ್ಲರಿಗೂ ಕೇಳುತ್ತಾರೆ, ಗಾಬರಿಯಾಗಬೇಡಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಇದ್ದರೆ ಇದೆ ಎಂದೇ ಹೇಳಿ. ಯೋಚನೆ ಬಂದಿದೆ ಎಂದ ಮಾತ್ರಕ್ಕೆ ಆಸ್ಪತ್ರೆಗೆ ಸೇರಿಸುವುದಿಲ್ಲ. ಬರೀ ಯೋಚನೆಯೋ, ಹೇಗೆ ಎಂಬ ಯೋಜನೆಯೂ ಇದೆಯೋ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯೋ ಎಂದು ವಿಚಾರಿಸಿ ಮುಂದಿನ ಹೆಜ್ಜೆ ನಿರ್ಧರಿಸುತ್ತಾರೆ.

ಪಿ.ಎಚ್.ಕ್ಯೂ-9 ಎಂಬ ಒಂದು ಪುಟದ ಹಾಳೆ ಕೊಡಬಹುದು. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಬಗ್ಗೆ ವಿವರವಾಗಿ ನೋಡಬೇಕು ಎಂದರ್ಥ. ಕಾಯಿಲೆಯ ಹೆಸರನ್ನು ಆ ಅಂಕವೊಂದೇ ತೀರ್ಮಾನಿಸುವುದಿಲ್ಲ. ಇವತ್ತಿನ ಅಂಕವನ್ನು ನೀವೂ ಬರೆದಿಟ್ಟುಕೊಳ್ಳಿ. ಆರು ವಾರದ ನಂತರ ಸುಧಾರಣೆ ಇದೆಯೋ ಇಲ್ಲವೋ ಎಂದು ನೋಡಲು ಅದು ಬೇಕಾಗುತ್ತದೆ.

ಹೋಗುವ ಮುನ್ನ ಅರ್ಧ ಪುಟ ಬರೆದುಕೊಳ್ಳಿ. ಯಾವಾಗಿನಿಂದ, ಆ ಹೊತ್ತಿಗೆ ಬದುಕಿನಲ್ಲಿ ಏನು ಬದಲಾಯಿತು, ಏನು ಮಾಡಿದರೆ ಸ್ವಲ್ಪ ಹಗುರ. ಮಾತ್ರೆಗಳ ಹೆಸರು ಬರೆಯುವ ಬದಲು ಸ್ಟ್ರಿಪ್ಪುಗಳನ್ನೇ ಚೀಲಕ್ಕೆ ಹಾಕಿಕೊಂಡರೆ ತಪ್ಪಾಗುವುದಿಲ್ಲ. ಇನ್ನೊಂದು ಸಾಲು ನಿಮ್ಮ ಗುರಿಗೆ. "ನೆಮ್ಮದಿ ಬೇಕು" ಎಂದು ಬರೆದರೆ ಅದು ಬಂತೋ ಇಲ್ಲವೋ ಎಂದು ಅಳೆಯಲಾಗದು. "ರಾತ್ರಿ 12ರೊಳಗೆ ನಿದ್ದೆ ಬರಬೇಕು, ಬಿಟ್ಟೇಬಿಟ್ಟಿರುವ ಭಾನುವಾರದ ಸಂಗೀತ ತರಗತಿಗೆ ಮತ್ತೆ ಹೋಗುವಂತಾಗಬೇಕು" ಎಂದು ಬರೆದರೆ ಅಳೆಯಬಹುದು.

ಮೊದಲ ದಿನವೇ ಪರಿಹಾರ ಸಿಗುವುದಿಲ್ಲ. ಸಿಗಬೇಕಾದ್ದು ಇಷ್ಟು: ನಿಮ್ಮ ತೊಂದರೆಯನ್ನು ಅವರು ಹೇಗೆ ಅರ್ಥ ಮಾಡಿಕೊಂಡರು, ಯಾವ ಬಗೆಯ ಥೆರಪಿ ಮಾಡಬೇಕೆಂದಿದ್ದಾರೆ, ಸುಮಾರು ಎಷ್ಟು ವಾರ. ಅವರಾಗಿ ಹೇಳದಿದ್ದರೆ ಏಳುವ ಮುನ್ನ ಕೇಳಿ. ಎಲ್ಲವನ್ನೂ ಅಂದೇ ಹೇಳಬೇಕೆಂದೂ ಇಲ್ಲ. "ಒಂದು ವಿಷಯ ಇದೆ, ಇವತ್ತು ಹೇಳಲಾರೆ" ಎಂದರೆ ಸಾಕು, ಒತ್ತಾಯಿಸುವುದಿಲ್ಲ. ಅಳು ಬಂದರೆ ಅತ್ತುಬಿಡಿ. ಮುಗಿದ ಮೇಲೆ ಒಂದು ಗಂಟೆಯಾದರೂ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ತಲೆ ಭಾರವಾಗಿರುತ್ತದೆ.

ಮನೋವೈದ್ಯರು, ಸೈಕಾಲಜಿಸ್ಟ್, ಕೌನ್ಸೆಲರ್, ಈಗ ಲೈಫ್ ಕೋಚ್ ಅಂತಲೂ ಬೋರ್ಡು ನೋಡುತ್ತೇನೆ. ಯಾರ ಹತ್ತಿರ ಹೋಗಬೇಕು?
(41 ವರ್ಷ, ಹಾಸನ)

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಮಾಡಿದವರು. ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುವವರು, ಮಾತ್ರೆ ಬರೆಯುವುದಿಲ್ಲ. ಹೆಚ್ಚಿನವರು 2 ವರ್ಷದ ಎಂ.ಫಿಲ್. ತರಬೇತಿಯನ್ನು ಆಸ್ಪತ್ರೆಯಲ್ಲಿ ಪಡೆದಿರುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ಅವರ ಹೆಸರು ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ಸರಿಯಾದವರು ಬೇಸರಿಸುವುದಿಲ್ಲ. ಆಪ್ತಸಮಾಲೋಚಕರಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ. ಮಾಡಿ ವರ್ಷಗಟ್ಟಲೆ ಪಳಗಿದವರೂ ಇದ್ದಾರೆ, ವಾರಾಂತ್ಯದ ಕೋರ್ಸು ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ಆದ್ದರಿಂದ ಫೋನಿನಲ್ಲೇ ಕೇಳಿ: ಓದಿದ್ದು ಏನು, ಎಲ್ಲಿ ತರಬೇತಿ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ನಿಮ್ಮ ಕೆಲಸದ ಮೇಲೆ ಹಿರಿಯರ ಮಾರ್ಗದರ್ಶನ ಇದೆಯೇ?

ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಹುರುಪು ಉಕ್ಕುತ್ತಿದ್ದರೆ, ಕುಡಿತ ಬಿಟ್ಟೊಡನೆ ಕೈ ನಡುಗುತ್ತಿದ್ದರೆ, ಸಾಯುವ ಯೋಜನೆ ಇದ್ದರೆ ಮೊದಲು ಮನೋವೈದ್ಯರು. ಥೆರಪಿ ಆಮೇಲೆ. ಉಳಿದಂತೆ ಆತಂಕ, ಗೀಳು, ಮಂಕು, ದುಃಖ, ಸಂಬಂಧದ ಬಿಕ್ಕಟ್ಟುಗಳಿಗೆ ಥೆರಪಿಯಿಂದಲೇ ಶುರು ಮಾಡಬಹುದು. ಔಷಧಿ ಬೇಕೆನಿಸಿದರೆ ಅವರೇ ಕಳಿಸುತ್ತಾರೆ.

"ಮೂರೇ ಸೆಷನ್, ಗ್ಯಾರಂಟಿ" ಎನ್ನುವವರು, ಇಡೀ ಪ್ಯಾಕೇಜಿನ ಹಣ ಮುಂಗಡ ಕೇಳಿ ವಾಪಸಿಲ್ಲ ಎನ್ನುವವರು, ಡಾಕ್ಟರಲ್ಲದಿದ್ದರೂ ನಿಮ್ಮ ಮಾತ್ರೆ ನಿಲ್ಲಿಸಲು ಹೇಳುವವರು, ಇವರ ಬಳಿ ಎರಡನೇ ಸಲ ಹೋಗಬೇಡಿ.

ನಾನು ಶಿಕ್ಷಕಿ. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ನಾನು ಹೇಳಿದ್ದು ಮನೆಯವರಿಗೆ, ಶಾಲೆಗೆ ಮುಟ್ಟುವುದಿಲ್ಲ ಅನ್ನುವುದಕ್ಕೆ ಏನು ಖಾತ್ರಿ?
(ಮಂಡ್ಯ ಜಿಲ್ಲೆ)

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ನಿಮ್ಮ ಹಕ್ಕೆಂದು ಹೇಳುತ್ತದೆ. ಗಂಡ ಫೋನ್ ಮಾಡಿ ಕೇಳಿದರೂ, ಮುಖ್ಯೋಪಾಧ್ಯಾಯರು ಪತ್ರ ಬರೆದರೂ, ನಿಮ್ಮ ಒಪ್ಪಿಗೆಯಿಲ್ಲದೆ "ಇವರು ಇಲ್ಲಿಗೆ ಬರುತ್ತಾರೆ" ಎಂದು ಸಹ ಹೇಳುವಂತಿಲ್ಲ. ಹೊರತುಪಡಿಸಿದ ಸಂದರ್ಭಗಳು ಇವೆ, ಅವನ್ನೂ ತಿಳಿದಿರಿ. ನಿಮ್ಮ ಜೀವಕ್ಕೆ ಅಪಾಯವಿದ್ದರೆ, ನೀವು ಬೇರೊಬ್ಬರಿಗೆ ಹಾನಿ ಮಾಡುವ ಸಂಭವವಿದ್ದರೆ, ನ್ಯಾಯಾಲಯದ ಆದೇಶವಿದ್ದರೆ, ನಿಮಗೆ ಚಿಕಿತ್ಸೆ ಕೊಡುತ್ತಿರುವ ಇನ್ನೊಬ್ಬ ವೈದ್ಯರಿಗೆ ಅಗತ್ಯವಿದ್ದರೆ, ಬೇಕಾದಷ್ಟು ಮಾಹಿತಿಯನ್ನು ಮಾತ್ರ ಕೊಡಬಹುದು. ಕಾಯ್ದೆಯಡಿ ನೀವೇ ಪ್ರತಿನಿಧಿಯೊಬ್ಬರನ್ನು ಹೆಸರಿಸಿದ್ದರೆ ಅವರ ಕರ್ತವ್ಯಕ್ಕೆ ಬೇಕಾದಷ್ಟು ಅವರಿಗೂ ತಿಳಿಸಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ನೀವು ಶಿಕ್ಷಕಿಯಾದ್ದರಿಂದ ಇದು ನಿಮಗೂ ಅನ್ವಯಿಸುತ್ತದೆ.

ಆದರೆ ಚಿಕ್ಕ ಊರಿನಲ್ಲಿ ಗುಟ್ಟು ಬಯಲಾಗುವುದು ಥೆರಪಿಸ್ಟರ ಬಾಯಿಂದಲ್ಲ, ಫೋನಿನಿಂದ. ಕ್ಲಿನಿಕ್ಕಿನ ಹೆಸರಿರುವ ವಾಟ್ಸ್ಯಾಪ್ ಸಂದೇಶ ಮೇಜಿನ ಮೇಲಿನ ಫೋನಿನಲ್ಲಿ ಮಿನುಗುತ್ತದೆ, ಜಂಟಿ ಖಾತೆಯಿಂದ ಯು.ಪಿ.ಐ. ಮಾಡಿದರೆ ಪಾವತಿಯ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಮೊದಲ ದಿನವೇ "ಜ್ಞಾಪಿಸಲು ಫೋನ್ ಮಾಡಬೇಡಿ, ಇಷ್ಟು ಗಂಟೆಯ ನಡುವೆ ಮಾತ್ರ ಸಂದೇಶ ಕಳಿಸಿ" ಎಂದು ತಿಳಿಸಿ. ಹಣ ನಗದಾಗಿ ಕೊಡಬಹುದೇ ಕೇಳಿ. ಸಂತೆಯಲ್ಲೋ ಮದುವೆಮನೆಯಲ್ಲೋ ಎದುರಾದರೆ ಒಳ್ಳೆಯ ಥೆರಪಿಸ್ಟ್ ತಾವಾಗಿ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿದರೆ ಮಾತ್ರ ಮಾತಾಡುತ್ತಾರೆ. ಅದನ್ನು ಅನಾದರ ಎಂದು ತಿಳಿಯಬೇಡಿ. ನೆಂಟರು, ನೆರೆಯವರು, ನಿಮ್ಮ ವಿದ್ಯಾರ್ಥಿಯ ಪೋಷಕರು ಥೆರಪಿಸ್ಟಾಗಿದ್ದರೆ ಎಷ್ಟೇ ಒಳ್ಳೆಯವರಾದರೂ ಬೇಡ. ಅಂಥ ಕಡೆ ನೀವು ಮನಬಿಚ್ಚಿ ಮಾತಾಡಲಾರಿರಿ. ಮೈಸೂರಿಗೋ ಆನ್‌ಲೈನಿಗೋ ಹೋಗುವುದು ನಿಮಗೆ ವಾಸಿ.

ನಮ್ಮೂರಾಗ ಇಂಥಾ ಡಾಕ್ಟರು ಯಾರೂ ಇಲ್ರಿ. ಬೆಂಗಳೂರಿನವರ ಜೋಡಿ ಫೋನಿನ್ಯಾಗ ಮಾತಾಡಬೇಕಂದ್ರ ನಮ್ಮ ಭಾಷಾ ಅವರಿಗೆ ತಿಳೀತದೋ ಇಲ್ಲೋ, ಮ್ಯಾಲೆ ಖರ್ಚು ಬ್ಯಾರೆ. ಏನ್ ಮಾಡ್ಲಿ?
(36 ವರ್ಷ, ಹಾವೇರಿ ಜಿಲ್ಲೆ)

ಮೊದಲು 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ವಾರವಾರ ನಡೆಯುವ ಥೆರಪಿಗೆ ಇದು ಬದಲಿಯಲ್ಲ, ಆದರೆ ಮೊದಲ ಮಾತಿಗೆ, ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಯಲು ಒಳ್ಳೆಯ ದಾರಿ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆಯೇ ವಿಚಾರಿಸಿ. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಲ್ಲ, ಅಲ್ಲಿ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಇದ್ದಾರೆ.

ಖಾಸಗಿಯಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಒಂದು ಸೆಷನ್‌ಗೆ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಕೇಳುವುದು ಸಾಮಾನ್ಯ. ಒಂದೂವರೆ ಸಾವಿರದಂತೆ 12 ಸೆಷನ್ ಎಂದರೆ 18,000. ನಾಲ್ಕು ಸಲ ಹೋಗಿ ಕೈ ಖಾಲಿಯಾಯಿತೆಂದು ಹೇಳದೆ ಕೇಳದೆ ಬಿಟ್ಟುಬಿಡುವವರು ಬಹಳ. ಹಾಗಾದಾಗ ಕೊಟ್ಟ 6,000ವೂ ವ್ಯರ್ಥವಾಗುತ್ತದೆ. "ಒಟ್ಟು ಇಷ್ಟೇ ನನ್ನ ಕೈಲಾಗುವುದು" ಎಂದು ಮೊದಲೇ ಹೇಳಿ. ಆದಾಯ ನೋಡಿ ಫೀಸು ಇಳಿಸುವವರಿದ್ದಾರೆ. ಇಳಿಸಲಾಗದಿದ್ದರೆ ಮೊದಲ ನಾಲ್ಕು ವಾರ ಬಿಡದೆ ಹೋಗಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಎಂದು ಗೊತ್ತು ಮಾಡಿಕೊಳ್ಳಬಹುದು. ಬರಲಾಗದ ದಿನ 24 ಗಂಟೆ ಮುಂಚೆ ತಿಳಿಸದಿದ್ದರೆ ಪೂರ್ತಿ ಫೀಸು ತೆಗೆದುಕೊಳ್ಳುವವರೇ ಹೆಚ್ಚು.

ಆನ್‌ಲೈನ್ ಆದರೆ ಇಯರ್‌ಫೋನ್ ಬೇಕೇಬೇಕು. ಮನೆ ತುಂಬ ಜನರಿದ್ದರೆ ನಿಲ್ಲಿಸಿದ ಕಾರು, ಹೊಲದ ಮನೆ, ಗೆಳೆಯನ ಅಂಗಡಿಯ ಹಿಂದಿನ ಕೋಣೆ, ಯಾವುದಾದರೂ ಆದೀತು, ಆದರೆ ಪ್ರತಿ ವಾರ ಒಂದೇ ಜಾಗವಿದ್ದರೆ ಮನಸ್ಸು ಬೇಗ ಒಗ್ಗುತ್ತದೆ. ನೆಟ್‌ವರ್ಕ್ ಕಡಿದರೆ ಯಾರು ಯಾರಿಗೆ ಫೋನ್ ಮಾಡುವುದು ಎಂದು ಮೊದಲೇ ಮಾತಾಡಿಕೊಳ್ಳಿ.

ಭಾಷೆಯ ವಿಚಾರಕ್ಕೆ, ನಿಮ್ಮ ಮಾತಿನಲ್ಲೇ ಮಾತಾಡಿ. ಕಾಯಿಲೆಯ ಹೆಸರು ಹೇಳುವ ಅಗತ್ಯವಿಲ್ಲ. ಎದಿ ಧಸಕ್ ಅಂತದ, ಜೀವ ಕಳವಳ ಆಗ್ತದ, ಹೊಟ್ಯಾಗ ಸಂಕಟ, ಯಾವಾಗ, ಎಷ್ಟು ಹೊತ್ತು, ಇಷ್ಟು ಹೇಳಿದರೆ ಬಲ್ಲವರಿಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಅವರು ಕೇಳಬೇಕು. ಕೇಳದೆ ತಲೆಯಾಡಿಸುವವರಾದರೆ ನಿಮ್ಮ ಕಡೆಯ ಮಾತು ಬಲ್ಲವರನ್ನೇ ಹುಡುಕಿ.

ನಾಲ್ಕು ಸಲ ಹೋಗಿ ಬಂದೆ. ಅವರು ಏನೂ ಸಲಹೆ ಕೊಡುವುದಿಲ್ಲ, ಬರೀ ಪ್ರಶ್ನೆ. ಮೇಲಿಂದ ತುಂಬಲು ಒಂದು ಹಾಳೆ. ಮೂರನೇ ಸೆಷನ್ ಆದಮೇಲೆ ಮೊದಲಿಗಿಂತ ಕೆಟ್ಟದಾಗಿತ್ತು. ಬಿಟ್ಟುಬಿಡಲೇ?
(34 ವರ್ಷ, ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಬಿಡುವ ಮುನ್ನ, ಇಲ್ಲಿ ನಮಗೆ ಬರೆದದ್ದನ್ನು ಒಂದಕ್ಷರ ಬಿಡದೆ ಅವರಿಗೇ ಹೇಳಿ. ಥೆರಪಿ ಅರ್ಧಕ್ಕೆ ನಿಂತುಹೋಗುವುದಕ್ಕೆ ನಾವು ಕಂಡಂತೆ ದೊಡ್ಡ ಕಾರಣ, ಬೇಸರವನ್ನು ಆ ಕೋಣೆಯಲ್ಲಿ ಹೇಳದೆ ಹೊರಗೆ ಹೇಳುವುದು. "ಹೋದ ಸಲ ಮನೆಗೆ ಹೋದಮೇಲೆ ತುಂಬ ಕಷ್ಟವಾಯಿತು. ನಾವು ಮಾಡುತ್ತಿರುವುದು ಏನು, ಯಾಕೆ ಅಂತ ನನಗೆ ತಿಳಿಯುತ್ತಿಲ್ಲ" ಎಂದರೆ ಸಾಕು. ತರಬೇತಾದವರು ಇದನ್ನು ದೂರು ಎಂದುಕೊಳ್ಳುವುದಿಲ್ಲ.

ವರ್ಷಗಳಿಂದ ಪಕ್ಕಕ್ಕಿಟ್ಟಿದ್ದನ್ನು ಮಾತಾಡಿದಾಗ ಒಂದೆರಡು ದಿನ ಮನಸ್ಸು ಕದಡುವುದು ಸಹಜ. ಆದರೆ ಅದು ವಾರವಿಡೀ ಉಳಿದು ನಿದ್ದೆಯನ್ನೂ ಕೆಲಸವನ್ನೂ ಕೆಡಿಸಿದರೆ ವೇಗ ಹೆಚ್ಚಾಗಿದೆ ಎಂದರ್ಥ. ಅವರು ನಿಧಾನಿಸಬೇಕು, ಸೆಷನ್ನಿನ ಕೊನೆಯ ಹತ್ತು ನಿಮಿಷವನ್ನು ನಿಮ್ಮನ್ನು ಸಮಾಧಾನಕ್ಕೆ ತರಲು ಇಟ್ಟುಕೊಳ್ಳಬೇಕು.

ಸಲಹೆ ಕೊಡದಿರುವುದು ಬೇಕೆಂದೇ. ಕೆಲಸ ಬಿಡಿ, ಅಪ್ಪನ ಜೊತೆ ಮಾತಾಡಿ ಎಂದು ಹೇಳಲು ನಿಮಗೆ ಅಣ್ಣಂದಿರಿದ್ದಾರೆ, ಗೆಳೆಯರಿದ್ದಾರೆ. ಹಾಗಂತ ಯೋಜನೆಯೇ ಇಲ್ಲದೆ ಪ್ರಶ್ನೆ ಕೇಳುತ್ತ ಹೋಗುವುದೂ ಸರಿಯಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದ ಮೂರು ಅಂಶಗಳನ್ನಿಟ್ಟು ನೋಡಿ. ಗುರಿ ಏನೆಂದು ಇಬ್ಬರೂ ಒಪ್ಪಿದ್ದೀರಾ? ಅದಕ್ಕಾಗಿ ಮಾಡುತ್ತಿರುವ ಕೆಲಸದ ಬಗ್ಗೆ ಒಪ್ಪಿಗೆಯಿದೆಯೇ? ಅವರ ಮೇಲೆ ನಿಮಗೆ ನಂಬಿಕೆ ಇದೆಯೇ? ಮೂರನೆಯದು ಇದ್ದು ಮೊದಲೆರಡು ಇಲ್ಲದಿದ್ದರೆ ಒಂದು ಮಾತುಕತೆಯಲ್ಲಿ ಸರಿಹೋಗುತ್ತದೆ. ನಿಮ್ಮದು ಅದೇ ಇದ್ದಂತಿದೆ.

ಹಾಳೆಯ ವಿಷಯ. ನೀವು ಹೇಳಿದ್ದು ಬಹುಶಃ ಸಿ.ಬಿ.ಟಿ.ಯಲ್ಲಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಥೆರಪಿಯಲ್ಲಿ, ಬಳಸುವ ಯೋಚನೆಗಳ ದಾಖಲೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಿದು, ಮನೆಗೆಲಸ ಇದರ ಬೆನ್ನೆಲುಬು. ಸಾಮಾನ್ಯವಾಗಿ ಐದು ಅಂಕಣ: ಏನಾಯಿತು, ಆಗ ಏನನ್ನಿಸಿತು, ಯಾವ ಭಾವನೆ ಮತ್ತು ಅದು ನೂರಕ್ಕೆ ಎಷ್ಟು, ಆ ಯೋಚನೆಗೆ ಪರ-ವಿರೋಧ ಪುರಾವೆ, ಇನ್ನೊಂದು ಬಗೆಯಲ್ಲಿ ನೋಡಿದರೆ ಹೇಗೆ. ಜನ ಎಡವುವುದು ಎರಡು ಕಡೆ. ಒಂದು, ಸೆಷನ್ನಿನ ಹಿಂದಿನ ರಾತ್ರಿ ಕೂತು ಇಡೀ ವಾರದ್ದನ್ನು ಬರೆಯುವುದು. ಆಗ ನೆನಪಿರುವುದು ಘಟನೆ ಮಾತ್ರ. ಆ ಕ್ಷಣದ ಯೋಚನೆ ಅಳಿಸಿಹೋಗಿರುತ್ತದೆ. ಎರಡು, ಯೋಚನೆಯ ಅಂಕಣದಲ್ಲಿ "ಬೇಜಾರಾಯಿತು" ಎಂದು ಬರೆಯುವುದು. ಅದು ಭಾವನೆ. ಮ್ಯಾನೇಜರ್ "ಫ್ರೀ ಇದ್ದಾಗ ಕಾಲ್ ಮಾಡಿ" ಎಂದು ಸಂದೇಶ ಕಳಿಸಿದರೆನ್ನಿ. ಯೋಚನೆ: "ಕೆಲಸದಿಂದ ತೆಗೆಯುತ್ತಾರೆ." ಭಾವನೆ: ಭಯ, 80. ಪರ: ಹೋದ ತಿಂಗಳು ಒಂದು ತಪ್ಪಾಗಿತ್ತು. ವಿರೋಧ: ಇದೇ ಸಂದೇಶ ಹಿಂದೆ ಬಂದಾಗಲೆಲ್ಲ ರಿಲೀಸ್ ಬಗ್ಗೆಯೇ ಮಾತಾಡಿದ್ದರು. ಮತ್ತೆ ಅಳೆದರೆ ಭಯ 45. ಎರಡು ದಿನಕ್ಕೊಂದು, ಘಟನೆ ನಡೆದ ಒಂದು ಗಂಟೆಯೊಳಗೆ, ಫೋನಿನಲ್ಲೇ ಬರೆದರೂ ಆಯಿತು. ಖಾಲಿ ಹಾಳೆ ಹಿಡಿದು ಹೋಗಲು ನಾಚಿ ಅಪಾಯಿಂಟ್‌ಮೆಂಟನ್ನೇ ತಪ್ಪಿಸಬೇಡಿ. ಯಾಕೆ ಬರೆಯಲಾಗಲಿಲ್ಲ ಎಂಬುದನ್ನೇ ಆ ದಿನ ಮಾತಾಡಬಹುದು.

ಖಿನ್ನತೆ, ಆತಂಕಗಳಿಗೆ ಸಿ.ಬಿ.ಟಿ. ಸಾಮಾನ್ಯವಾಗಿ 12ರಿಂದ 20 ಸೆಷನ್. ಆರರಿಂದ ಎಂಟರ ಹೊತ್ತಿಗೆ ಅಂಕಗಳಲ್ಲಿ, ದಿನಚರಿಯಲ್ಲಿ ಏನೂ ಅಲುಗಾಡದಿದ್ದರೆ ವಿಧಾನ ಬದಲಿಸಬೇಕು, ಇಲ್ಲವೇ ಮನೋವೈದ್ಯರ ಅಭಿಪ್ರಾಯ ಪಡೆಯಬೇಕು. ಥೆರಪಿಸ್ಟರನ್ನು ಬದಲಿಸುವುದಾದರೆ ಕೊನೆಯ ಒಂದು ಸೆಷನ್ ಮಾಡಿ, ಈವರೆಗಿನದರ ಸಾರಾಂಶವನ್ನು ಬರೆಸಿಕೊಳ್ಳಿ. ಹೊಸಬರ ಬಳಿ ಮೊದಲಿನಿಂದ ಎಲ್ಲ ಹೇಳುವ ಶ್ರಮ ತಪ್ಪುತ್ತದೆ.

ಇದಕ್ಕೆಲ್ಲ ಅಪವಾದ ಒಂದಿದೆ. ಮೈ ಮುಟ್ಟುವುದು, ಪ್ರೇಮದ ಅಥವಾ ಲೈಂಗಿಕ ಮಾತು, ಜಾತಿ-ಧರ್ಮ ಎತ್ತಿ ಹೀಯಾಳಿಸುವುದು, ಬೇರೆ ಕ್ಲೈಂಟುಗಳ ಕಥೆ ಹೇಳುವುದು, ನಿಮ್ಮಿಂದ ಸಾಲ ಕೇಳುವುದು. ಇಂಥದ್ದಾದರೆ ಯಾವ ವಿವರಣೆಯೂ ಕೊಡದೆ ಎದ್ದು ಬನ್ನಿ. ಅವರು ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್.ಸಿ.ಐ.ಗೆ ದೂರು ಕೊಡಿ.

ಮಗನಿಗೆ 16. ರೂಮಿಂದ ಹೊರಗೇ ಬರುವುದಿಲ್ಲ, ಶಾಲೆ ಬಿಟ್ಟು ತಿಂಗಳಾಯಿತು. ಥೆರಪಿ ಅಂದರೆ "ನನಗೇನು ಹುಚ್ಚಾ?" ಅಂತ ಬಾಗಿಲು ಹಾಕಿಕೊಳ್ಳುತ್ತಾನೆ. ಅವನು ಅಲ್ಲಿ ಹೇಳಿದ್ದನ್ನು ನನಗೆ ತಿಳಿಸುತ್ತಾರಾ?
(ತಾಯಿ, ಶಿವಮೊಗ್ಗ)

ಮೊದಲ ಸಲ ನೀವೊಬ್ಬರೇ ಹೋಗಿ. ಹದಿನೆಂಟರ ಒಳಗಿನವರಿಗೆ ಹೆತ್ತವರ ಒಪ್ಪಿಗೆ ಹೇಗೂ ಬೇಕು, ಅವನನ್ನು ಒಪ್ಪಿಸುವುದು ಹೇಗೆಂದೂ ಥೆರಪಿಸ್ಟರಿಂದಲೇ ತಿಳಿಯಬಹುದು. ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ ಎಂದು ಸುಳ್ಳು ಹೇಳಿ ಕರೆದೊಯ್ದರೆ ಅವನು ಅಲ್ಲಿ ಬಾಯಿ ಬಿಡುವುದಿಲ್ಲ. ಥೆರಪಿಗೆ ಬಾ, ಇಲ್ಲಾಂದ್ರೆ ಮೊಬೈಲ್ ಕಿತ್ತುಕೊಳ್ಳುತ್ತೇನೆ ಎಂದರೆ ಅದು ಶಿಕ್ಷೆಯಾಗುತ್ತದೆ. "ಮೂರು ಸಲ ಬಾ. ಆಮೇಲೂ ಬೇಡ ಅನ್ನಿಸಿದರೆ ಬೇರೆ ದಾರಿ ನೋಡೋಣ" ಎಂದು ಹೇಳಿ, ಆ ಮಾತಿಗೆ ನಿಲ್ಲಿ.

ಥೆರಪಿಸ್ಟ್ ಅವನೊಬ್ಬನೊಂದಿಗೇ ಮಾತಾಡುತ್ತಾರೆ. ಅಪಾಯದ ಸಂಗತಿಗಳನ್ನು, ಅಂದರೆ ಸಾಯುವ ಯೋಚನೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಯಾರೋ ಹಿಂಸಿಸುತ್ತಿರುವುದು, ಇವನ್ನು ನಿಮಗೆ ತಿಳಿಸುತ್ತಾರೆ, ತಿಳಿಸುವುದಾಗಿ ಅವನಿಗೂ ಮೊದಲೇ ಹೇಳಿರುತ್ತಾರೆ. ಉಳಿದದ್ದು ಅವನದು. ಯಾವ ಹುಡುಗಿ, ಯಾವ ಗೆಳೆಯ, ಅಪ್ಪನ ಮೇಲೆ ಎಷ್ಟು ಸಿಟ್ಟು, ಇವನ್ನು ಹೇಳುವುದಿಲ್ಲ. ವಾಪಸು ಬರುವಾಗ ಆಟೋದಲ್ಲಿ "ಏನು ಕೇಳಿದ್ರು?" ಎಂದು ಶುರು ಮಾಡಬೇಡಿ. ನಿಮಗೂ ಮನೆಗೆಲಸ ಕೊಟ್ಟರೆ, ಉದಾಹರಣೆಗೆ ದಿನಕ್ಕೆ 15 ನಿಮಿಷ ಓದಿನ ಮಾತೆತ್ತದೆ ಅವನ ಜೊತೆ ಕೂರಬೇಕು ಎಂದರೆ, ಅದನ್ನು ಮಾಡಿ.

ಖಿನ್ನತೆಗೆ ಎರಡು ವಾರದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಗುಣ ಕಾಣುತ್ತಿಲ್ಲ. ಥೆರಪಿ ಶುರುವಾದ ಮೇಲೆ ನಿಲ್ಲಿಸಬಹುದಾ?
(52 ವರ್ಷ, ಉಡುಪಿ)

ನಿಲ್ಲಿಸಬೇಡಿ. ಈ ಮಾತ್ರೆಗಳ ಪರಿಣಾಮ ಕಾಣಲು 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ವಾಕರಿಕೆ, ಹೊಟ್ಟೆ ಕೆಡುವಂಥ ಅಡ್ಡ ಪರಿಣಾಮಗಳು ಮೊದಲು, ಗುಣ ಆಮೇಲೆ ಬರುವುದರಿಂದ ಬಹಳ ಜನ ಸರಿಯಾಗಿ ನೀವಿರುವ ಹಂತದಲ್ಲೇ ಬಿಟ್ಟುಬಿಡುತ್ತಾರೆ. ಪೂರ್ತಿ ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ, ನಂತರ ವೈದ್ಯರೇ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರಬಹುದು. ಥೆರಪಿಸ್ಟ್ ಮತ್ತು ವೈದ್ಯರು ಪರಸ್ಪರ ಮಾತಾಡಿಕೊಳ್ಳಲು ಬರಹದಲ್ಲಿ ಒಪ್ಪಿಗೆ ಕೊಡಿ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಂತಾಗಬಾರದು.

ಯಜಮಾನರು ಹೊಡೆಯುತ್ತಾರೆ. ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಹೋಗಿ, ಎಲ್ಲ ಸರಿಹೋಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಹೋಗಲೇ?
(ಊರು ಬೇಡ)

ಈಗ ಬೇಡ. ಹೊಡೆತವಿರುವ ಕಡೆ ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸಿದರೆ ಹೆಂಡತಿ ನಿಜ ಹೇಳಲಾರಳು, ಹೇಳಿದರೆ ಅದಕ್ಕೂ ಮನೆಯಲ್ಲಿ ಏಟು ಬೀಳುತ್ತದೆ. ನೀವೊಬ್ಬರೇ ಆಪ್ತಸಮಾಲೋಚಕರನ್ನು ಕಾಣಿ, ಮೊದಲ ಮಾತಿಗೇ ಹೊಡೆತದ ವಿಷಯ ತಿಳಿಸಿ. ಮಹಿಳಾ ಸಹಾಯವಾಣಿ 181 ಉಚಿತ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಸಮಾಲೋಚನೆ, ವೈದ್ಯಕೀಯ ನೆರವು, ಕಾನೂನು ನೆರವು ಮತ್ತು ತಾತ್ಕಾಲಿಕ ವಸತಿ ಒಂದೇ ಕಡೆ ಸಿಗುತ್ತವೆ. ಆ ಕ್ಷಣಕ್ಕೇ ಅಪಾಯವಿದ್ದರೆ 112. ಕರೆ ಮಾಡಿದ ಮೇಲೆ ಫೋನಿನ ಕರೆಪಟ್ಟಿಯಿಂದ ಆ ಸಂಖ್ಯೆಯನ್ನು ಅಳಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ದಾಖಲೆಗಳ ಪ್ರತಿಯನ್ನು ನೀವು ನಂಬುವ ಒಬ್ಬರ ಮನೆಯಲ್ಲಿ ಇಟ್ಟಿರಿ.